ಹಸ್ತಾಂತರ ಕೇಸಿನ ಜೈಲು ಭರವಸೆ ಪತ್ರ ಓದೋದು ಹೇಗೆ?

ಮಲ್ಯ, ನೀರವ್ ಮೋದಿ, ಚೋಕ್ಸಿ ಸುದ್ದಿ ಬಂದಾಗೆಲ್ಲ ವಾಟ್ಸಾಪ್ ಗ್ರೂಪಲ್ಲಿ ಒಂದೇ ಗಲಾಟೆ, ಕಳ್ಳನಿಗೆ ಹಾಸಿಗೆ ದಿಂಬು ಬೇರೆ ಕೇಡಾ ಅಂತ. ಅಮಾನವೀಯವಾಗಿ ನಡೆಸಿಕೊಳ್ಳೋ ಅಪಾಯ ನಿಜವಾಗಿ ಇರೋ ದೇಶಕ್ಕೆ ಯುರೋಪಿನ ಕೋರ್ಟುಗಳು ಆರೋಪಿನ ಕಳಿಸೋ ಹಾಗಿಲ್ಲ, ಯುರೋಪಿನ ಮಾನವ ಹಕ್ಕು ಕೋರ್ಟಿನ 1989ರ ಸೋರಿಂಗ್ ಕೇಸಿಂದ ಇದೇ ರೂಲು. ಅದಕ್ಕೇ ಭಾರತ ಸರ್ಕಾರ ‘ಇವನನ್ನ ಇಂಥ ಜೈಲಲ್ಲಿ ಹೀಗೆ ಇಡ್ತೀವಿ’ ಅಂತ ಬರೆದುಕೊಡೋದು. ಆ ಪತ್ರ ಗಟ್ಟಿನಾ ಜೊಳ್ಳಾ ಅಂತ ನೀವೇ ನೋಡ್ಬಹುದು.

1. ತೀರ್ಪೇ ಇಳಿಸ್ಕೊಳ್ಳಿ. ಬ್ರಿಟನ್ ಹೈಕೋರ್ಟ್ ತೀರ್ಪುಗಳು ಆನ್‌ಲೈನಲ್ಲಿ ಫ್ರೀಯಾಗಿ ಸಿಗ್ತವೆ, 3ನೇ ವಿಧಿ (ಯಾರನ್ನೂ ಅಮಾನವೀಯವಾಗಿ ನಡೆಸಿಕೊಳ್ಳಬಾರ್ದು ಅನ್ನೋ ಯುರೋಪಿನ ಮಾನವ ಹಕ್ಕು ಒಪ್ಪಂದದ ರೂಲು) ಅಂತ ಹೆಡಿಂಗ್ ಇರೋ ಭಾಗಕ್ಕೆ ನೇರ ಹೋಗಿ. ಎಐ ಸಾರಾಂಶ ಮಾತ್ರ ಬೇಡವೇ ಬೇಡ, ‘ಕೊಡಬಹುದು’ ಅಂತ ಇದ್ದದ್ದನ್ನ ‘ಕೊಡ್ತಾರೆ’ ಅಂತ ಮಾಡಿಬಿಡುತ್ತೆ, ಇಲ್ಲಿ ಇಡೀ ಕೇಸು ನಿಂತಿರೋದೇ ಆ ಒಂದು ಪದದ ಮೇಲೆ.

2. ಸಹಿ ಯಾರದ್ದು ನೋಡಿ. ನಮ್ಮಲ್ಲಿ ಜೈಲು ರಾಜ್ಯದ ವಿಷಯ, ಮಾತು ಕೊಡೋದು ಡೆಲ್ಲಿ, ಬೀಗದ ಕೈ ಇರೋದು ಮಹಾರಾಷ್ಟ್ರದ ಹತ್ರ. ರಾಜ್ಯದವರ ಒಪ್ಪಿಗೆ ಪತ್ರದಲ್ಲಿ ಕಾಣದಿದ್ರೆ ಅಲ್ಲೇ ಒಂದು ಗೆರೆ ಎಳೀರಿ.

3. ಜಾಗದ ಹೆಸರು ಇದೆಯಾ? ‘ಸೂಕ್ತ ಕಾರಾಗೃಹ’ ಅಂದ್ರೆ ಏನೂ ಹೇಳಿಲ್ಲ ಅಂತ ಅರ್ಥ. ಮುಂಬೈ ಆರ್ಥರ್ ರೋಡ್ ಜೈಲಿನ 12ನೇ ಬ್ಯಾರಕ್ ಅಂದ್ರೆ ಹೇಳಿದ ಹಾಗೆ. ಮಲ್ಯ ಕೇಸಲ್ಲಿ 2018ರಲ್ಲಿ ಲಂಡನ್ ಜಡ್ಜ್ ಎಮ್ಮಾ ಆರ್ಬತ್‌ನಾಟ್ ಫೋಟೊ ನಂಬದೆ, ಮಧ್ಯಾಹ್ನದ ಬೆಳಕಲ್ಲಿ ವಿಡಿಯೊ ಮಾಡಿ ಕಳಿಸಿ ಅಂದಿದ್ರು, ಲೈಟ್ ಹಾಕಿ ತೆಗೆದ ಫೋಟೊಲಿ ಯಾವ ಕೋಣೆನೂ ಚೆನ್ನಾಗೇ ಕಾಣುತ್ತೆ.

4. ಈಗ ಚದರ ಮೀಟರ್ ಲೆಕ್ಕ. ಎಲ್ರೂ ಎಡವೋದು ಇಲ್ಲೇ, ನಿಧಾನ ಮಾಡಿ. ಅದೇ ಮಾನವ ಹಕ್ಕು ಕೋರ್ಟಿನ 2016ರ ಮುರ್ಶಿಚ್ ತೀರ್ಪಿನ ಪ್ರಕಾರ ಹಲವರು ಇರೋ ಕೋಣೇಲಿ ತಲೆಗೆ ಕನಿಷ್ಠ 3 ಚದರ ಮೀಟರ್ ಬೇಕು, ಅಂದ್ರೆ ಸುಮಾರು 32 ಚದರಡಿ. ಕೋಣೆಯೊಳಗಿನ ಕಕ್ಕಸು ಜಾಗ ಕಳೀಬೇಕು, ಮಂಚ ಮೇಜಿನ ಜಾಗ ಕಳೀಬಾರ್ದು, ಆದ್ರೆ ಅವುಗಳ ಮಧ್ಯೆ ಮನುಷ್ಯ ಓಡಾಡೋ ಹಾಗಿರ್ಬೇಕು. 10 ಅಡಿಗೆ 10 ಅಡಿ ಕೋಣೆ ತಗೊಳ್ಳಿ, 9.3 ಚದರ ಮೀಟರ್ ಆಯ್ತು, ಮೂವರಿದ್ರೆ ತಲೆಗೆ 3.1, ಪಾಸ್ ಅನ್ಸುತ್ತೆ ಅಲ್ವಾ? 4 ಅಡಿಗೆ 4 ಅಡಿ ಕಕ್ಕಸು ಕಳೆದು ನೋಡಿ, ಉಳಿಯೋದು 7.8, ತಲೆಗೆ 2.6, ಫೇಲ್. ಟೀವಿ ಗ್ರಾಫಿಕ್ಸಲ್ಲಿ ಈ ಕಳೆಯೋ ಲೆಕ್ಕ ನಾನಂತೂ ನೋಡಿಲ್ಲ. 3ಕ್ಕಿಂತ ಕಮ್ಮಿ ಆದ ತಕ್ಷಣ ಕೇಸು ಬಿದ್ದೋಯ್ತು ಅಂತನೂ ಅಲ್ಲ, ಹಿಂಸೆಯಾಗಲ್ಲ ಅಂತ ತೋರಿಸೋ ಭಾರ ಸರ್ಕಾರದ ಮೇಲೆ ಬೀಳುತ್ತೆ ಅಷ್ಟೆ. 3ರಿಂದ 4ರ ಒಳಗಿದ್ರೆ ಗಾಳಿ, ಬೆಳಕು, ಹೊರಗೆ ಬಿಡೋ ಹೊತ್ತು ಎಲ್ಲಾ ಲೆಕ್ಕಕ್ಕೆ ಬರುತ್ತೆ. ಚೋಕ್ಸಿಗಾಗಿ 2025ರಲ್ಲಿ ಬೆಲ್ಜಿಯಂಗೆ ಕೊಟ್ಟ ಪತ್ರದಲ್ಲಿ ಪೀಠೋಪಕರಣ ಬಿಟ್ಟು 3 ಚದರ ಮೀಟರ್ ಅಂತ ಇತ್ತು, ಅಂದ್ರೆ ಯುರೋಪ್ ಕೇಳಿದ್ದಕ್ಕಿಂತ ಒಂದು ಕೈ ಜಾಸ್ತಿನೇ.

5. ಜಾಗ ಸಿಕ್ತು, ಜೀವಕ್ಕೆ ಕಾವಲು ಯಾರು? ಬುಕ್ಕಿ ಸಂಜೀವ್ ಚಾವ್ಲಾನ ತಿಹಾರ್‌ಗೆ ಕಳಿಸೋಕೆ ಲಂಡನ್ ಹೈಕೋರ್ಟ್ 2018ರಲ್ಲಿ ಮೊದಲು ಒಪ್ಪಲಿಲ್ಲ, ಭಾರತ ವಿವರವಾಗಿ ಬರೆದುಕೊಟ್ಟ ಮೇಲೇ ದಾರಿ ಬಿಟ್ಟಿದ್ದು, 2020ರ ಫೆಬ್ರವರಿಲಿ ಕರ್ಕೊಂಡು ಬಂದ್ರು. ಅದೇ ತಿಹಾರ್, 2025ರ ಫೆಬ್ರವರಿ, ಶಸ್ತ್ರಾಸ್ತ್ರ ದಲ್ಲಾಳಿ ಸಂಜಯ್ ಭಂಡಾರಿ ಕೇಸು: ಒಳಗಿನ ಕೈದಿಗಳು ಇಲ್ಲಾ ಸಿಬ್ಬಂದಿನೇ ದುಡ್ಡಿಗೆ ಪೀಡಿಸೋ, ಹೊಡೆಯೋ ಅಪಾಯ ಇದೆ ಅಂತ ಅದೇ ಹೈಕೋರ್ಟ್ ಅವನನ್ನ ಬಿಟ್ಟುಬಿಡ್ತು. ಹಂಗಾಗಿ ಹಾಸಿಗೆ ಪಟ್ಟಿಗಿಂತ ಸಿಸಿಟಿವಿ, ಪ್ರತ್ಯೇಕ ಸೆಲ್, ವಕೀಲರ ಭೇಟಿ ಇವನ್ನ ಮೊದಲು ಹುಡುಕಿ, ವಿಚಾರಣೆಗೆ ಅಂತ ಜೈಲಿಂದ ಹೊರಗೆ ಒಯ್ದಾಗಲೂ ಈ ಮಾತು ನಡೆಯುತ್ತಾ ಅಂತ ನೋಡಿ.

6. ಹಳೇ ಮಾತು ಉಳಿಸ್ಕೊಂಡಿದ್ದಾರಾ ಅಂತ ನೋಡಿ. ಅಬು ಸಲೇಂನ 2005ರಲ್ಲಿ ತರೋ ಮುಂಚೆ ಪೋರ್ಚುಗಲ್‌ಗೆ ಕೊಟ್ಟ, 25 ವರ್ಷಕ್ಕಿಂತ ಜಾಸ್ತಿ ಜೈಲಲ್ಲಿ ಇಡಲ್ಲ ಅನ್ನೋ ಮಾತಿಗೆ ಕೇಂದ್ರ ಬದ್ಧ ಅಂತ ನಮ್ಮ ಸುಪ್ರೀಂ ಕೋರ್ಟೇ 2022ರಲ್ಲಿ ಹೇಳಿದೆ.

ಅಂದಹಾಗೆ ಈ ಪಟ್ಟಿ ಹಿಡ್ಕೊಂಡು, ಅಮೆರಿಕದಿಂದ ತಂದ 26/11 ಮುಂಬೈ ದಾಳಿ ಆರೋಪಿ ತಹವ್ವುರ್ ರಾಣಾ ಫೈಲ್ ತೆಗೀಬೇಡಿ. ಅಮೆರಿಕದ ಕೋರ್ಟುಗಳು ಸಾಮಾನ್ಯವಾಗಿ ಜೈಲು ಹೇಗಿದೆ ಅಂತ ಕೇಳೋದೇ ಇಲ್ಲ, ಅದನ್ನ ಅಲ್ಲಿನ ವಿದೇಶಾಂಗ ಇಲಾಖೆಗೆ ಬಿಟ್ಟಿರ್ತಾರೆ.