ಮನೆಯಲ್ಲೇ ಇಮ್ಯುನೊಥೆರಪಿ: ಡ್ರಿಪ್‌ಗಿಂತ ಮೊದಲಿನ ಕೆಲಸವೇ ದೊಡ್ಡದು

ಕ್ಯಾನ್ಸರ್ ವಾರ್ಡಿನಲ್ಲಿ ನರ್ಸ್ ಆಗಿದ್ದ ನಾನು ಈಗ ಇಮ್ಯುನೊಥೆರಪಿಯನ್ನು, ಅಂದರೆ ಮೈಯ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರ್ ಮೇಲೆ ಎತ್ತಿಕಟ್ಟುವ ಚಿಕಿತ್ಸೆಯನ್ನು, ರೋಗಿಗಳ ಮನೆಗೇ ಹೋಗಿ ಕೊಡುತ್ತೇನೆ. ಎಲ್ಲರಿಗೂ ಅಲ್ಲ. ಮೊದಲ ಡೋಸ್‌ಗಳು ಆಸ್ಪತ್ರೆಯಲ್ಲೇ ಆಗಿ, ಔಷಧಿ ಮೈಗೆ ಒಗ್ಗಿದೆ ಎಂದು ಖಾತ್ರಿಯಾದವರನ್ನಷ್ಟೇ ಡಾಕ್ಟರು ನನಗೆ ಒಪ್ಪಿಸುತ್ತಾರೆ.

ನನ್ನ ಕೆಲಸ ಶುರುವಾಗುವುದು ಹಿಂದಿನ ದಿನ, ಫೋನಿನಲ್ಲಿ. ಲಿವರ್, ಕಿಡ್ನಿ, ಥೈರಾಯ್ಡ್, ಸಕ್ಕರೆಯ ರಿಪೋರ್ಟ್ ಎದುರಿಗಿಟ್ಟುಕೊಂಡು ಮಾತಾಡುತ್ತೇನೆ. "ಹೊಟ್ಟೆ ಹೇಗಿದೆ?" ಅಂದರೆ ಎಲ್ಲರೂ "ಚೆನ್ನಾಗಿದೆ" ಅಂತಲೇ ಅನ್ನುವುದು. ಅದಕ್ಕೇ, "ನಿನ್ನೆ ಎಷ್ಟು ಸಲ ಮೋಷನ್ ಆಯ್ತು? ಮುಂಚೆ ಎಷ್ಟು ಸಲ ಆಗ್ತಿತ್ತು?" ಎಂದು ಲೆಕ್ಕ ಕೇಳುತ್ತೇನೆ. ಮಾಮೂಲಿಗಿಂತ 4 ಸಲ ಹೆಚ್ಚಾಗಿದ್ದರೆ ಔಷಧಿ ಕಲಸಬೇಡಿ ಎಂದು ಫಾರ್ಮಸಿಗೆ ಹೇಳಿ, ಡಾಕ್ಟರಿಗೆ ತಿಳಿಸುತ್ತೇನೆ.

ಇಷ್ಟು ಕೆದಕುವುದಕ್ಕೆ ಕಾರಣವಿದೆ. ಈ ಔಷಧಿ ಕಿಮೋದ ಹಾಗೆ ಕ್ಯಾನ್ಸರ್ ಕೋಶವನ್ನು ನೇರವಾಗಿ ಕೊಲ್ಲುವುದಿಲ್ಲ. ರೋಗನಿರೋಧಕ ಟಿ-ಕೋಶಗಳ ಬ್ರೇಕ್ ಸಡಿಲಿಸುತ್ತದೆ. ಅವು ಕರುಳು, ಶ್ವಾಸಕೋಶ, ಥೈರಾಯ್ಡ್ ಮೇಲೂ ತಿರುಗಿಬೀಳಬಹುದು, ಚಿಕಿತ್ಸೆ ನಿಲ್ಲಿಸಿ ತಿಂಗಳುಗಳಾದ ಮೇಲೂ.

ಮನೆಯಲ್ಲಿ ನಡೆಯುವುದು ಸರಳ. ಪೆಂಬ್ರೊಲಿಜುಮ್ಯಾಬ್ ಎಂಬ ಇಮ್ಯುನೊಥೆರಪಿ ಔಷಧಿಯಾದರೆ 2ರಿಂದ 8 ಡಿಗ್ರಿಯ ಪೆಟ್ಟಿಗೆಯಲ್ಲಿ ಬರುತ್ತದೆ. ಬ್ಯಾಗನ್ನು ಕುಲುಕಬಾರದು, ಫಿಲ್ಟರ್ ಇರುವ ಲೈನಿನಲ್ಲಿ 30 ನಿಮಿಷ ಹೋಗಬೇಕು, ತಟ್ಟನೆ ಅಲರ್ಜಿಯಾದರೆ ಕೊಡುವ ಅಡ್ರಿನಲಿನ್ ಕೈಗೆಟುಕುವಲ್ಲಿರಬೇಕು. ಈಗ ಅಟೆಜೊಲಿಜುಮ್ಯಾಬ್ ಎಂಬ ಇನ್ನೊಂದು ಔಷಧಿ ತೊಡೆಯ ಚರ್ಮದಡಿಯ ಇಂಜೆಕ್ಷನ್ ಆಗಿಯೂ ಇದೆ, ಸುಮಾರು 7 ನಿಮಿಷ ಸಾಕು. ಇಂಜೆಕ್ಷನ್ ಬೇಗ ಮುಗಿಯಲಿ. ವಿಚಾರಿಸುವ ಹೊತ್ತು ಮಾತ್ರ ಕಡಿಮೆಯಾಗಕೂಡದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಆಸ್ಪತ್ರೆಯಲ್ಲಿ ಕಾಣದ್ದು ಮನೆಯಲ್ಲಿ ಕಾಣುತ್ತದೆ. ಹಿರಿಯ ಹೆಂಗಸೊಬ್ಬರು ಫೋನಿನಲ್ಲಿ "ಉಸಿರಿಗೇನೂ ತೊಂದ್ರೆ ಇಲ್ಲ ಸಿಸ್ಟರ್" ಅಂದಿದ್ದರು. ಬಾಗಿಲು ತೆಗೆದು ಕುರ್ಚಿಯ ಕಡೆ ನಡೆಯುವಾಗ, ನಡುವೆ ಗೋಡೆ ಹಿಡಿದು ನಿಂತರು. "ಅಮ್ಮಾ, ಇನ್ನೊಂದು ಸಲ ನಡೀರಿ" ಎಂದು ಬೆರಳಿಗೆ ಆಕ್ಸಿಮೀಟರ್ ಹಾಕಿ ನಡೆಸಿದೆ. ಕೂತಾಗ 96 ಇದ್ದ ಆಮ್ಲಜನಕದ ಮಟ್ಟ ನಡೆದಾಗ 89ಕ್ಕೆ ಇಳಿಯಿತು. ಅವತ್ತು ಡ್ರಿಪ್ ಹಾಕಲಿಲ್ಲ. ಸ್ಕ್ಯಾನಿನಲ್ಲಿ ಶ್ವಾಸಕೋಶದ ಉರಿಯೂತ ಕಂಡಿತು, ಉರಿಯೂತ ತಗ್ಗಿಸುವ ಸ್ಟೀರಾಯ್ಡ್ ಶುರುವಾಯಿತು, ಚೇತರಿಸಿಕೊಂಡರು. ಗಾಲಿಕುರ್ಚಿಯಲ್ಲಿ ವಾರ್ಡಿಗೆ ಬಂದಿದ್ದರೆ ಆ ನಡಿಗೆ ನನಗೆ ಕಾಣುತ್ತಲೇ ಇರಲಿಲ್ಲ.

ಹೊರಡುವ ಮುನ್ನ ಮನೆಯವರ ಕೈಗೆ ಔಷಧಿಯ ಹೆಸರಿರುವ ಕಾರ್ಡ್ ಕೊಡುತ್ತೇನೆ. ನಡುರಾತ್ರಿ ಯಾವ ತುರ್ತು ವಿಭಾಗಕ್ಕೆ ಹೋದರೂ ಮೊದಲು ಅದನ್ನು ತೋರಿಸಿ, ಇದು ಕಿಮೋ ಅಲ್ಲ, ಇಮ್ಯುನೊಥೆರಪಿ ಅಂತ ಹೇಳಬೇಕು. ಸ್ಟೀರಾಯ್ಡ್ ಬರೆದುಕೊಟ್ಟಿದ್ದರೆ, ಹುಷಾರಾಯಿತೆಂದು ತಾವಾಗಿಯೇ ನಿಲ್ಲಿಸಬಾರದು.