ಪಾಸ್ತಾ ಮಾಡಿ ಅರ್ಧ ಗಂಟೆಗೇ ಒಣಗಿ ಹೋಗ್ತೈತಾ? ಹಿಂಗ್ ಮಾಡಿ ನೋಡ್ರಿ

ನಮ್ ದಾವಣಗೆರೆ ಕಡೆ ಮನೆಗಳಲ್ಲಿ ಪಾಸ್ತಾ ಕೆಡೋದು ಶಾವಿಗೆ ಅಭ್ಯಾಸದಿಂದ. ಶಾವಿಗೆ ಉಪ್ಪಿಟ್ಟಿಗೆ ಕುದಿಯೋ ನೀರಿಗೆ ಎಣ್ಣೆ ಬಿಟ್ಟು, ಬಸಿದು, ಮೇಲೆ ತಣ್ಣೀರು ಹುಯ್ದು ಉದುರುದುರು ಮಾಡ್ಕೊಳ್ತೀವಲ್ಲ, ಪಾಸ್ತಾಗೂ ಕೈ ತಾನಾಗೇ ಹಂಗೇ ಹೋಗ್ತೈತೆ. ಶಾವಿಗೆಗೆ ಅದು ಸರಿ, ಪಾಸ್ತಾಗೆ ಬ್ಯಾಡ. ಮೇಲಿನ ಗಂಜಿ ತೊಳೆದು ಹೋದ್ರೆ ಸಾಸ್ ಅಂಟಲ್ಲ, ಜಾರಿ ತಟ್ಟೆ ತಳದಲ್ಲಿ ಕೂತ್ಕೊಳುತ್ತೆ. ಸಲಾಡ್ ತರ ತಣ್ಣಗೆ ತಿನ್ನೋದಾದ್ರೆ ಮಾತ್ರ ತೊಳೀರಿ.

ಇನ್ನೊಂದು, ಪಾಸ್ತಾ ಒಲೆಯಿಂದ ಇಳಿಸಿದ ಮೇಲೂ ನೀರು ಕುಡೀತಾನೇ ಇರುತ್ತೆ, ಬಾಣಲೀಲಿ ಹದವಾಗಿ ಕಂಡಿದ್ದು ತಟ್ಟೆಗೆ ಬರೋ ಹೊತ್ತಿಗೆ ಗಟ್ಟಿ ಆಗೋದು ಅದಕ್ಕೇ. ಹಂಗಾಗಿ ಅದಕ್ಕೆ ಕುಡಿಯೋಕೆ ಅಂತಾನೇ ಸ್ವಲ್ಪ ಜಾಸ್ತಿ ನೀರು ಬಿಟ್ಟಿರಬೇಕು.

ಪಾಕೀಟಿನ ಮೇಲೆ ಡ್ಯೂರಮ್ ಗೋಧಿ ರವೆ ಅಂತ ಇದ್ರೆ ತಗೊಳ್ರಿ, ಲೂಸ್ ಸಿಗೋ ಮೈದಾ ಪಾಸ್ತಾ ಬೇಗ ಮೆತ್ತಗಾಗಿ ಒಡೆಯುತ್ತೆ. ಇಟಲಿಯವರ ಲೆಕ್ಕ 100 ಗ್ರಾಂ ಪಾಸ್ತಾಗೆ 1 ಲೀಟರ್ ನೀರು, 10 ಗ್ರಾಂ ಉಪ್ಪು. ನಾನಂತೂ 250 ಗ್ರಾಂಗೆ ಒಂದೂವರೆ ಲೀಟರ್ ಅಷ್ಟೇ ಇಡೋದು, ಉಪ್ಪು ಎರಡೂವರೆ ಟೀ ಚಮಚ, ಆಗಾಗ ಕೈಯಾಡಿಸಬೇಕು ಅನ್ನೋದು ಬಿಟ್ರೆ ಏನೂ ತೊಂದ್ರೆ ಇಲ್ಲ, ನೀರು ಕಮ್ಮಿ ಇದ್ದಷ್ಟೂ ಗಂಜಿ ಗಟ್ಟಿ ಬರುತ್ತೆ, ನಮಗೆ ಬೇಕಿರೋದೂ ಅದೇ. ಉಪ್ಪು ಈ ನೀರಿಗೇ ಬೀಳಬೇಕು, ಆಮೇಲೆ ಸಾಸಿಗೆ ಎಷ್ಟು ಹಾಕಿದ್ರೂ ಪಾಸ್ತಾ ಒಳಗೆ ಸಪ್ಪೇನೇ.

ಪಾಕೀಟಲ್ಲಿ 10 ನಿಮಿಷ ಅಂತಿದ್ರೆ 8ಕ್ಕೇ ತೆಗೀರಿ. ಬಸಿಯೋಕೆ ಮುಂಚೆ ಒಂದು ದೊಡ್ಡ ಲೋಟ ಗಂಜಿ ನೀರು ಎತ್ತಿಡ್ರಿ, ಸಿಂಕಿಗೆ ಸುರಿದ ಮೇಲೆ ನೆನಪಾದ್ರೆ ಏನ್ ಪ್ರಯೋಜನ.

ಈಗ ಅಸಲಿ ಕೆಲಸ. ಪಕ್ಕದ ಬಾಣಲೀಲಿ ಎಣ್ಣೆ, ಜಜ್ಜಿದ ಬೆಳ್ಳುಳ್ಳಿ, ಬ್ಯಾಡಗಿ ಮೆಣಸಿನಕಾಯಿ ಚೂರು, ಟೊಮೆಟೊ ಎಲ್ಲಾ ಬಾಡಿ ಎಣ್ಣೆ ಬಿಟ್ಟಿರಬೇಕು, ಇದಕ್ಕೆ ಉಪ್ಪು ಈಗ್ಲೇ ಬ್ಯಾಡ, ಗಂಜಿ ನೀರಲ್ಲೇ ಐತೆ. ಬಸಿದ ಪಾಸ್ತಾ ಬಿಸಿಬಿಸೀನೇ ಇದಕ್ಕೆ ಹಾಕಿ, ಅರ್ಧ ಲೋಟ ಗಂಜಿ ನೀರು ಹುಯ್ದು, ಉರಿ ಜೋರು ಮಾಡಿ ಎರಡು ನಿಮಿಷ ಬಾಣಲಿ ಅಲ್ಲಾಡಿಸ್ತಾ ಇರ್ರಿ. ಮೊದ್ಲು ನೀರು ಬ್ಯಾರೆ ಎಣ್ಣೆ ಬ್ಯಾರೆ ಕಾಣುತ್ತೆ, ಆಮೇಲೆ ಗಂಜಿ ಎರಡನ್ನೂ ಹಿಡ್ಕೊಂಡು ಕೆನೆ ತರ ಆಗಿ ಪಾಸ್ತಾಗೆ ಮೆತ್ಕೊಳುತ್ತೆ. ಇನ್ನೂ ಸ್ವಲ್ಪ ತೆಳ್ಳಗೈತೆ ಅನ್ಸುವಾಗ್ಲೇ ಒಲೆ ಆರಿಸಿ, ದೋಸೆ ಮೇಲೆ ಹಾಕೋ ನಮ್ ಬಿಳಿ ಬೆಣ್ಣೆ ಒಂದು ಉಂಡೆ ಹಾಕಿ ತಿರುಗಿಸ್ರಿ. ಉರಿ ಮೇಲೆ ಇದ್ದಾಗ ಹಾಕಿದ್ರೆ ಬೆಣ್ಣೆ ಒಡೆದು ಬರೀ ಜಿಡ್ಡಾಗುತ್ತೆ. ಇಷ್ಟು ಮಾಡಿದ್ರೆ ಕ್ರೀಮ್ ಪಾಕೀಟು ತರೋ ಅಗತ್ಯಾನೇ ಇಲ್ಲ.

ಮಕ್ಕಳ ಡಬ್ಬಿಗೆ ಕಟ್ಟೋದಾದ್ರೆ ಸಾಸ್ ಇನ್ನೂ ನೀರಾಗೇ ಇರ್ಲಿ, ಮಧ್ಯಾಹ್ನದ ಹೊತ್ತಿಗೆ ಸರಿಹೋಗುತ್ತೆ. ವೈಟ್ ಸಾಸ್ ಮಾತ್ರ ಡಬ್ಬಿಗೆ ಬ್ಯಾಡ ಕಣ್ರಿ, ಮೈದಾ ತಣ್ಣಗಾದಂಗೆ ಬಿಗಿಯುತ್ತೆ, ಬಿಸಿಲಿಗೆ ಹಾಲೂ ಕೆಡಬಹುದು.

ಉಳಿದಿದ್ದನ್ನ ನಮ್ ಬ್ಯಾಸಿಗೇಲಿ ಹೊರಗೆ ಇಡಬ್ಯಾಡ್ರಿ, ಆರಿದ ತಕ್ಷಣ ಮುಚ್ಚಳದ ಡಬ್ಬೀಲಿ ಫ್ರಿಜ್ಜಿಗೆ, ಮೂರು ದಿನದೊಳಗೆ ಖಾಲಿ. ಬರೀ ಬೇಯಿಸಿದ ಪಾಸ್ತಾ ಎತ್ತಿಡೋದಾದ್ರೆ ಎಣ್ಣೆ ಸವರ್ರಿ, ಸಾಸ್ ಬ್ಯಾರೆ ಇಡ್ರಿ. ಫ್ರಿಜ್ಜಿಂದ ತೆಗೆದಾಗ ಕಲ್ಲಾಗಿರುತ್ತೆ, ಹೆದರಬ್ಯಾಡ್ರಿ, ಬಾಣಲೀಲಿ ಮೂರು ನಾಲ್ಕು ಚಮಚ ನೀರು ಚಿಮುಕಿಸಿ ಮುಚ್ಚಿ, ಸಣ್ಣುರೀಲಿ ಹಬೆ ಆಡಿಸ್ರಿ. ಚಮಚದಿಂದ ಕೆದಕಬ್ಯಾಡ್ರಿ, ಮುರಿಯುತ್ತೆ, ಬಿಸಿ ಆದ್ಮೇಲೆ ತಾನೇ ಬಿಡಿಸ್ಕೊಳುತ್ತೆ.