ಹೊಸ ದಂಪತಿಗೆ ಮೈಸೂರಿನಲ್ಲಿ ಮನೆ: ಮುಂಗಡ ಕೊಡುವ ಮುನ್ನ ಮಾಡಬೇಕಾದದ್ದು

ಮದುವೆಯಾದ ಹೊಸತರಲ್ಲಿ ಮನೆ ಹುಡುಕುವವರು ಬೀದಿ ಬೀದಿ ಅಲೆಯುವುದಕ್ಕೆ ವಾರಗಟ್ಟಲೆ ಸಮಯ ಕೊಡುತ್ತಾರೆ. ಆದರೆ ಹಣ ಕೊಟ್ಟು ಕರಾರಿಗೆ ಸಹಿ ಹಾಕುವ ಹಂತವನ್ನು ಅರ್ಧ ಗಂಟೆಯಲ್ಲಿ ಮುಗಿಸಿಬಿಡುತ್ತಾರೆ. ನಮ್ಮ ಬಂಧು ಬಳಗದಲ್ಲಿ, ನೆರೆಹೊರೆಯಲ್ಲಿ ನಾನು ಕಂಡ ಬಹುತೇಕ ನಷ್ಟಗಳು ಆ ಅರ್ಧ ಗಂಟೆಯಲ್ಲಿಯೇ ಆಗಿವೆ. ಬಾಡಿಗೆ ಸಾವಿರ ರೂಪಾಯಿ ಹೆಚ್ಚಾದರೆ ತಿಂಗಳಿಗೆ ಸಾವಿರವಷ್ಟೇ ಹೋಗುತ್ತದೆ. ಮುಂಗಡವೋ ಭೋಗ್ಯದ (ಲೀಸಿನ) ಹಣವೋ ಸಿಕ್ಕಿಕೊಂಡರೆ ಎರಡು ಕುಟುಂಬಗಳ ಉಳಿತಾಯವೇ ಹೋಗುತ್ತದೆ. ಆದ್ದರಿಂದ ಈ ಲೇಖನದಲ್ಲಿ ಹುಡುಕಾಟದ ಬಗ್ಗೆ ಚಿಕ್ಕದಾಗಿ ಹೇಳಿ, ಹಣ ಮತ್ತು ಕಾಗದಪತ್ರಗಳ ಬಗ್ಗೆ ವಿವರವಾಗಿ ಬರೆದಿದ್ದೇನೆ.

ಮೊದಲು ಲೆಕ್ಕ

ಇಬ್ಬರೂ ದುಡಿಯುತ್ತಿದ್ದರೂ ಬಾಡಿಗೆಯ ಮಿತಿಯನ್ನು ಒಬ್ಬರ ಸಂಬಳದ ಮೇಲೆಯೇ ನಿಗದಿ ಮಾಡಿಕೊಳ್ಳಿ. ಮೊದಲ ಎರಡು ವರ್ಷಗಳಲ್ಲಿ ಕೆಲಸ ಬದಲಾಗಬಹುದು, ಮಗು ಬರಬಹುದು, ಊರಿನಲ್ಲಿರುವ ತಂದೆತಾಯಿಗೆ ಹಣ ಕಳುಹಿಸಬೇಕಾಗಬಹುದು. ಬಾಡಿಗೆ ಎಂದರೆ ಮಾಲೀಕರು ಹೇಳುವ ಅಂಕಿಯೊಂದೇ ಅಲ್ಲ. ನಿರ್ವಹಣಾ ಶುಲ್ಕ, ನೀರಿನ ಹಣ, ಪೆಟ್ರೋಲು, ಟ್ಯಾಂಕರು ಎಲ್ಲವನ್ನೂ ಕೂಡಿಸಿದ ಮೊತ್ತವೇ ನಿಜವಾದ ಬಾಡಿಗೆ. ಈ ಕಾರಣಕ್ಕಾಗಿಯೇ ಹೊಸ ದಂಪತಿಗೆ ಅಪಾರ್ಟ್‌ಮೆಂಟ್‌ಗಿಂತ ಸ್ವತಂತ್ರ ಮನೆಯ ಮೊದಲ ಮಹಡಿಯೇ ಒಳ್ಳೆಯದೆಂದು ನಾನು ಖಂಡಿತವಾಗಿ ಹೇಳುತ್ತೇನೆ. ಲಿಫ್ಟು, ಜನರೇಟರು, ಕಾವಲುಗಾರರ ವೆಚ್ಚ ಹೊರುವ ಅಗತ್ಯ ಇಬ್ಬರೇ ಇರುವ ಸಂಸಾರಕ್ಕೆ ಇಲ್ಲ. 30x40 ನಿವೇಶನದ ಮೇಲಿನ ಆರೇಳು ಚದರದ ಮನೆ ಧಾರಾಳವಾಗಿ ಸಾಕು.

ಬಡಾವಣೆಯ ಆಯ್ಕೆ

ಇಬ್ಬರ ಕಚೇರಿಗಳಲ್ಲಿ ಯಾವುದು ದೂರವೋ ಅದರ ದಾರಿಯಲ್ಲಿ ಹುಡುಕಿ. ಹೆಬ್ಬಾಳ, ಹೂಟಗಳ್ಳಿ, ಬೆಳವಾಡಿಯ ಕಡೆ ಕೆಲಸವಿದ್ದವರಿಗೆ ಲೋಕನಾಯಕನಗರ, ಕುಂಬಾರಕೊಪ್ಪಲು, ಮಂಚೇಗೌಡನಕೊಪ್ಪಲು, ವಿಜಯನಗರದ ಒಳಬೀದಿಗಳು ಅನುಕೂಲ. ರೈಲಿನಲ್ಲಿ ಮಂಡ್ಯಕ್ಕೋ ಬೆಂಗಳೂರಿಗೋ ಓಡಾಡುವವರು ಒಂಟಿಕೊಪ್ಪಲು, ವಾಣಿವಿಲಾಸ ಮೊಹಲ್ಲಾ ನೋಡಬೇಕು. ಯೋಗ ಕಲಿಯಲು ಬರುವ ವಿದೇಶಿಯರಿಂದಾಗಿ ಗೋಕುಲಂನಲ್ಲಿ ಬಾಡಿಗೆ ಹೆಚ್ಚು. ಪಕ್ಕದ ಮಂಜುನಾಥಪುರದಲ್ಲಿ ವಿಚಾರಿಸುವುದು ಲೇಸು. ನನ್ನ ಆಯ್ಕೆಯನ್ನು ಕೇಳಿದರೆ ಕೃಷ್ಣಮೂರ್ತಿಪುರಂ, ಚಾಮುಂಡಿಪುರಂ, ಅಗ್ರಹಾರದ ಹಳೆಯ ಮನೆಗಳ ಒಂದು ಭಾಗವೇ ಉತ್ತಮ. ಅಲ್ಲಿ ಕಾರು ನಿಲ್ಲಿಸುವುದು ಕಷ್ಟವಾದರೂ ಪಾಲಿಕೆಯ ನೀರು, ಮಾರುಕಟ್ಟೆ, ಬಸ್ಸು ಎಲ್ಲವೂ ನಡೆಯುವ ದೂರದಲ್ಲಿವೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಡಿ ಮಹಿಳೆಯರಿಗೆ ನಗರ ಸಾರಿಗೆ ಬಸ್ಸಿನಲ್ಲಿ ಟಿಕೆಟ್ಟಿನ ಖರ್ಚಿಲ್ಲ. ಆದ್ದರಿಂದ ಬಸ್ ನಿಲ್ದಾಣ ಹತ್ತಿರವಿರುವ ಮನೆಗೆ ಐನೂರು ರೂಪಾಯಿ ಹೆಚ್ಚು ಕೊಟ್ಟರೂ ಪತ್ನಿಯ ಓಡಾಟದ ಖರ್ಚಿನಲ್ಲಿ ಅದು ಉಳಿಯುತ್ತದೆ.

ಹುಡುಕುವ ಕಾಲ ಮತ್ತು ಕ್ರಮ

ನಮ್ಮ ಕಡೆ ಆಷಾಢದಲ್ಲಿ ಯಾರೂ ಹೊಸ ಮನೆಗೆ ಹೋಗುವುದಿಲ್ಲ; ಹೊಸದಾಗಿ ಮದುವೆಯಾದ ಹೆಣ್ಣುಮಕ್ಕಳು ತವರಿನಲ್ಲಿರುತ್ತಾರೆ. ಖಾಲಿ ಮನೆಯ ಮಾಲೀಕರಿಗೆ ಇದು ಬಾಡಿಗೆ ಬಾರದ ತಿಂಗಳು, ಆದ್ದರಿಂದ ಬಾಡಿಗೆ ಮತ್ತು ಮುಂಗಡದ ಮಾತುಕತೆಗೆ ಇದಕ್ಕಿಂತ ಒಳ್ಳೆಯ ಕಾಲವಿಲ್ಲ. ಆಷಾಢದಲ್ಲಿ ಮಾತು ಮುಗಿಸಿ, ಶ್ರಾವಣದ ಮೊದಲ ವಾರದಲ್ಲಿ ಕರಾರು ಮಾಡಿಕೊಂಡು ಹಾಲು ಉಕ್ಕಿಸಿ. ಧನುರ್ಮಾಸಕ್ಕೂ ಇದೇ ಮಾತು ಅನ್ವಯಿಸುತ್ತದೆ.

ಬೆಳಿಗ್ಗೆ ನಡೆದಾಡಿ ಗೇಟಿಗೆ ತೂಗುಹಾಕಿದ ಫಲಕಗಳನ್ನು ನೋಡಿ, ನಂದಿನಿ ಹಾಲಿನ ಬೂತಿನಲ್ಲಿ ಮತ್ತು ಇಸ್ತ್ರಿ ಅಂಗಡಿಯಲ್ಲಿ ವಿಚಾರಿಸಿ. ಇಷ್ಟು ಸಾಕು. ದಲ್ಲಾಳಿಯನ್ನು ಹಿಡಿದರೆ ಸಾಮಾನ್ಯವಾಗಿ ಒಂದು ತಿಂಗಳ ಬಾಡಿಗೆಯಷ್ಟು ಕೊಡಬೇಕಾಗುತ್ತದೆ. ಮಾಲೀಕರ ದೂರವಾಣಿ ಸಂಖ್ಯೆಗಾಗಿ ಶುಲ್ಕ ಕೇಳುವ ಆ್ಯಪ್‌ಗಳಿಗೆ ಹಣ ಕಟ್ಟಬೇಡಿ. ಅಂತರ್ಜಾಲದಲ್ಲಿ ಸುಂದರ ಚಿತ್ರಗಳನ್ನು ಹಾಕಿ, ತಾನು ಸೇನೆಯಲ್ಲಿದ್ದು ಬೇರೆ ಊರಿಗೆ ವರ್ಗವಾಗಿದ್ದೇನೆ, ಮನೆ ಕಾಯ್ದಿರಿಸಲು ಟೋಕನ್ ಕಳುಹಿಸಿ ಎನ್ನುವವರದು ಹಳೆಯ ವಂಚನೆ. ಮನೆಯೊಳಗೆ ಕಾಲಿಡದೆ ಒಂದು ರೂಪಾಯಿಯನ್ನೂ ಕಳುಹಿಸಬಾರದು. ಈಗಾಗಲೇ ಕಳುಹಿಸಿದ್ದರೆ ಒಂದು ಗಂಟೆಯೂ ತಡಮಾಡದೆ 1930ಕ್ಕೆ ಕರೆ ಮಾಡಿ.

ಊಟದ ಪದ್ಧತಿ, ಜಾತಿ, ಧರ್ಮ ಕೇಳುವ ಮಾಲೀಕರು ಈಗಲೂ ಇದ್ದಾರೆ. ಅಂತರ್ಜಾತಿ ವಿವಾಹವಾದವರಿಗೆ ಇದು ನೋವಿನ ಪ್ರಶ್ನೆ. ಸುಳ್ಳು ಹೇಳಿ ಒಳಸೇರಿದರೆ ದಿನವೂ ಅಂಜಿಕೆಯಲ್ಲಿಯೇ ಬದುಕಬೇಕಾಗುತ್ತದೆ. ಮೊದಲ ಕರೆಯಲ್ಲಿಯೇ ವಿಷಯ ತಿಳಿಸಿ, ಒಪ್ಪದವರ ಮನೆಯನ್ನು ಅಲ್ಲಿಯೇ ಬಿಟ್ಟುಬಿಡಿ.

ಮನೆ ನೋಡುವಾಗ ನೀರು ಮತ್ತು ಮೀಟರು

ಗೋಡೆಯ ಬಣ್ಣ, ಅಡುಗೆಮನೆಯ ಕಪಾಟು ಯಾರ ಕಣ್ಣಿಗಾದರೂ ಬೀಳುತ್ತವೆ. ನೀವು ನೀರನ್ನು ನೋಡಿ. ವರ್ತುಲ ರಸ್ತೆಯ ಹೊರಗಿನ ಖಾಸಗಿ ಬಡಾವಣೆಗಳಲ್ಲಿ ಎಷ್ಟೋ ಕಡೆ ಕೊಳವೆ ಬಾವಿಯ ನೀರೇ ಗತಿ. ಬೋಗಾದಿ, ಶ್ರೀರಾಂಪುರ, ರಮ್ಮನಹಳ್ಳಿಯ ಕಡೆಯಾಗಲಿ, ಹೂಟಗಳ್ಳಿಯ ಕಡೆಯಾಗಲಿ ಮನೆ ನೋಡುವಾಗ ಕಾವೇರಿ ಅಥವಾ ಕಬಿನಿ ನೀರಿನ ಸಂಪರ್ಕ ಆ ಮನೆಗೇ ಇದೆಯೇ, ವಾರದಲ್ಲಿ ಎಷ್ಟು ದಿನ ಬರುತ್ತದೆ ಎಂಬುದನ್ನು ಮಾಲೀಕರ ಬದಲು ಎದುರು ಮನೆಯವರನ್ನು ಕೇಳಿ. ನಲ್ಲಿಯ ತುದಿಯಲ್ಲಿ, ಬಚ್ಚಲಿನ ಟೈಲ್ಸ್ ಮೇಲೆ ಬಿಳಿ ಕಲೆ ದಪ್ಪಗೆ ಕಟ್ಟಿದ್ದರೆ ಅದು ಗಡಸು ನೀರು. ಬಟ್ಟೆ ತೊಳೆಯುವ ಯಂತ್ರ, ಗೀಸರುಗಳ ಆಯುಷ್ಯ ಅದರಿಂದ ಕಡಿಮೆಯಾಗುತ್ತದೆ. ಮಹಡಿಗೆ ಹೋಗಿ ಟ್ಯಾಂಕನ್ನು ನೋಡಿ. ಕೆಳಗಿನ ಮನೆಗೂ ನಿಮಗೂ ಒಂದೇ ಟ್ಯಾಂಕಿದ್ದರೆ ಮೋಟಾರಿನ ಗುಂಡಿ ಯಾರ ಮನೆಯಲ್ಲಿದೆ ಎಂದು ಕೇಳಿ. ಬೆಳಿಗ್ಗೆ ಏಳು ಗಂಟೆಗೆ ಒಮ್ಮೆ, ಏಪ್ರಿಲ್‌ನಲ್ಲಾದರೆ ಮಧ್ಯಾಹ್ನ ಮೂರಕ್ಕೆ ಇನ್ನೊಮ್ಮೆ ಹೋಗಿ ನೋಡುವುದು ಒಳ್ಳೆಯದು. ಪಶ್ಚಿಮದ ಗೋಡೆಯ ಕಡೆ ಮಲಗುವ ಕೋಣೆ ಇದ್ದರೆ ಅದರ ಕಾವು ಆಗ ತಿಳಿಯುತ್ತದೆ.

ವಿದ್ಯುತ್ ಮೀಟರು ನಿಮ್ಮ ಮನೆಗೆ ಪ್ರತ್ಯೇಕವಾಗಿರಬೇಕು. ಗೃಹಜ್ಯೋತಿ ಬಾಡಿಗೆದಾರರಿಗೂ ಉಂಟು, ಆದರೆ ಅದು ಸೆಸ್ಕ್ ಬಿಲ್ಲಿನಲ್ಲಿರುವ ಗ್ರಾಹಕರ ಸಂಖ್ಯೆಗೆ ಜೋಡಣೆಯಾಗುವ ಸೌಲಭ್ಯ. ಮಾಲೀಕರದೇ ಒಂದು ಮೀಟರಿದ್ದು, ನಿಮಗೆ ಉಪಮೀಟರು ಹಾಕಿ ಯೂನಿಟ್ಟಿಗೆ ಇಷ್ಟೆಂದು ವಸೂಲಿ ಮಾಡುವ ಮನೆಯಲ್ಲಿ ಆ ಲಾಭ ನಿಮಗೆ ಸಿಗುವುದಿಲ್ಲ.

ಭೋಗ್ಯದ ಆಸೆ

ಹೊಸ ದಂಪತಿ ಹೆಚ್ಚು ಎಡವುವುದು ಇಲ್ಲಿಯೇ. ಮದುವೆಯಲ್ಲಿ ಬಂದ ಉಡುಗೊರೆಯ ಹಣ, ತಂದೆತಾಯಿ ಕೊಟ್ಟದ್ದು, ಒಂದಿಷ್ಟು ಒಡವೆಯ ಮೇಲಿನ ಸಾಲ ಎಲ್ಲವನ್ನೂ ಕೂಡಿಸಿ ಎರಡು ಮೂರು ವರ್ಷಕ್ಕೆ ಮನೆಯನ್ನು ಭೋಗ್ಯಕ್ಕೆ, ಅಂದರೆ ಎಲ್ಲರೂ ಹೇಳುವಂತೆ ಲೀಸಿಗೆ ಹಾಕಿಕೊಂಡರೆ, ಬಾಡಿಗೆಯೇ ಇಲ್ಲ, ಕೊನೆಗೆ ಅಸಲು ಪೂರ್ತಿ ವಾಪಸು ಎಂಬ ಲೆಕ್ಕ ಆಕರ್ಷಕವಾಗಿ ಕಾಣುತ್ತದೆ. ನನ್ನ ಸಲಹೆ ಸ್ಪಷ್ಟ: ಮೊದಲ ಮನೆಯನ್ನು ತಿಂಗಳ ಬಾಡಿಗೆಗೇ ಹಿಡಿಯಿರಿ. ಅಷ್ಟು ದೊಡ್ಡ ಮೊತ್ತವನ್ನು ಒಟ್ಟಿಗೆ ಬಯಸುವ ಮಾಲೀಕರಿಗೆ ಬಹುಮಟ್ಟಿಗೆ ಸಾಲದ ಒತ್ತಡವಿರುತ್ತದೆ, ಮತ್ತು ಆ ಸಾಲಕ್ಕೆ ಆಧಾರವಾಗಿ ಅದೇ ಮನೆ ಇರುವ ಸಂಭವವೂ ಹೆಚ್ಚು.

ಆದರೂ ಭೋಗ್ಯವೇ ಬೇಕೆನ್ನುವವರು ಕಾನೂನನ್ನು ತಿಳಿದಿರಬೇಕು. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ ಪ್ರಕಾರ 100 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚಿನ ಮೊತ್ತದ ಸ್ವಾಧೀನ ಭೋಗ್ಯವು ನೋಂದಾಯಿತ ದಸ್ತಾವೇಜಿನ ಮೂಲಕವೇ ಆಗಬೇಕು. ಒಂದು ವರ್ಷಕ್ಕಿಂತ ಹೆಚ್ಚಿನ ಅವಧಿಯ ಗುತ್ತಿಗೆಗೂ 1908ರ ನೋಂದಣಿ ಕಾಯ್ದೆಯಂತೆ ನೋಂದಣಿ ಕಡ್ಡಾಯ. ನೋಟರಿಯ ಮೊಹರು ನೋಂದಣಿಯಲ್ಲ. ಕೆಂಪು ಮೊಹರನ್ನು ನೋಡಿ ಕೆಲಸ ಗಟ್ಟಿಯಾಯಿತೆಂದು ನಂಬಿದವರು, ತಕರಾರು ಬಂದ ದಿನ ತಮ್ಮ ಕೈಯಲ್ಲಿರುವ ಕಾಗದ ಎಷ್ಟು ದುರ್ಬಲವೆಂದು ಅರಿಯುತ್ತಾರೆ. ನೋಂದಣಿಯ ಖರ್ಚನ್ನು ಉಳಿಸೋಣ ಎಂದು ಮಾಲೀಕರು ಹೇಳಿದರೆ ಆ ಮಾತುಕತೆಯನ್ನು ಅಲ್ಲಿಗೇ ನಿಲ್ಲಿಸಿ.

ಮುಂದಿನದು ಋಣಭಾರ ಪ್ರಮಾಣಪತ್ರ. ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ ಕನಿಷ್ಠ 15 ವರ್ಷದ ಅವಧಿಗೆ ಇದನ್ನು ತೆಗೆಸಿ. ನೋಂದಾಯಿತ ಮಾರಾಟ, ಅಡಮಾನಗಳು ಅದರಲ್ಲಿ ಕಾಣುತ್ತವೆ. ಆದರೆ ಇಷ್ಟಕ್ಕೇ ತೃಪ್ತರಾಗುವುದು ತಪ್ಪು. ಹಕ್ಕುಪತ್ರಗಳನ್ನು ಬ್ಯಾಂಕಿನಲ್ಲಿ ಠೇವಣಿ ಇಟ್ಟು ಸಾಲ ಪಡೆಯುವ ಬಗೆಯ ಅಡಮಾನಕ್ಕೆ ಕಾಯ್ದೆಯಲ್ಲಿ ನೋಂದಾಯಿತ ದಸ್ತಾವೇಜಿನ ಕಡ್ಡಾಯವಿಲ್ಲ, ಹೀಗಾಗಿ ಋಣಭಾರ ಪತ್ರದಲ್ಲಿ ಏನೂ ಕಾಣದಿದ್ದರೂ ಮನೆಯ ಮೇಲೆ ಸಾಲವಿರಬಹುದು. ಇದನ್ನು ಪತ್ತೆ ಮಾಡುವ ಸರಳ ಉಪಾಯವೆಂದರೆ ಮೂಲ ಕ್ರಯಪತ್ರವನ್ನು ತೋರಿಸಲು ಕೇಳುವುದು. ಜೆರಾಕ್ಸ್ ತೋರಿಸಿ, ಮೂಲಪತ್ರ ಲಾಕರಿನಲ್ಲಿದೆ, ಅಣ್ಣನ ಮನೆಯಲ್ಲಿದೆ ಎನ್ನುತ್ತಾ ದಿನ ದೂಡಿದರೆ ಅದು ಬ್ಯಾಂಕಿನಲ್ಲಿದೆ ಎಂದೇ ಭಾವಿಸಿ. ಕಂತು ಕಟ್ಟದ ಮನೆಯನ್ನು 2002ರ ಸರ್ಫೇಸಿ ಕಾಯ್ದೆಯಡಿ ಬ್ಯಾಂಕು ಸಿವಿಲ್ ದಾವೆ ಹೂಡದೆಯೇ ವಶಕ್ಕೆ ಪಡೆದು ಹರಾಜು ಹಾಕಬಹುದು. ನಿಮಗಿಂತ ಮೊದಲು ಅಡಮಾನ ಪಡೆದ ಬ್ಯಾಂಕಿನ ಹಕ್ಕೇ ಆಗ ಮುಂದೆ ನಿಲ್ಲುತ್ತದೆ.

ಮನೆಯ ಖಾತೆ, ಅಂದರೆ ಸ್ಥಳೀಯ ಸಂಸ್ಥೆಯಲ್ಲಿರುವ ಆಸ್ತಿಯ ದಾಖಲೆ, ಯಾರ ಹೆಸರಿನಲ್ಲಿದೆ, ಅಣ್ಣತಮ್ಮಂದಿರ ಪಾಲು ಇನ್ನೂ ಉಳಿದಿದೆಯೇ ಎಂಬುದನ್ನೂ ನೋಡಿ. ಮಾಲೀಕರಿಂದ ತಿಂಗಳ ಬಾಡಿಗೆಗೆ ಹಿಡಿದ ಮನೆಯನ್ನು ಬೇರೆಯವರಿಗೆ ಲೀಸಿಗೆ ಕೊಟ್ಟು, ಕೆಲವು ತಿಂಗಳು ಬಾಡಿಗೆ ಕಟ್ಟಿ ಬಳಿಕ ಕಣ್ಮರೆಯಾಗುವ ಮಧ್ಯವರ್ತಿಗಳಿದ್ದಾರೆ. ಹಣ ಖಾತೆದಾರರ ಸ್ವಂತ ಬ್ಯಾಂಕ್ ಖಾತೆಗೇ ಹೋಗಬೇಕು, ಅವರು ಸ್ವತಃ ಉಪನೋಂದಣಾಧಿಕಾರಿ ಕಚೇರಿಗೆ ಬರಬೇಕು. ಅಧಿಕಾರಪತ್ರ ಹಿಡಿದು ಬರುವ ಭಾವಮೈದುನನಿಗೆ ಹಣ ಕೊಡಬೇಡಿ.

ಬಾಡಿಗೆ ಕರಾರು

ನ್ಯಾಯಾಲಯದ ಸುತ್ತಮುತ್ತಲ ಟೈಪಿಂಗ್ ಅಂಗಡಿಗಳಲ್ಲಿ ಸಿಗುವ ಸಿದ್ಧ ನಮೂನೆ ಕೆಟ್ಟ ಸರಕು. ಹೆಸರು ಮತ್ತು ಮೊತ್ತ ತುಂಬಿದರೆ ಮುಗಿಯುವ ಆ ಎರಡು ಪುಟಗಳಲ್ಲಿ ಬಾಡಿಗೆದಾರರ ಕರ್ತವ್ಯಗಳು ಉದ್ದಕ್ಕೂ ಇರುತ್ತವೆ, ಮುಂಗಡ ಯಾವಾಗ ವಾಪಸು ಬರುತ್ತದೆ ಎಂಬ ಸಾಲು ಮಾತ್ರ ಇರುವುದಿಲ್ಲ. ನಿಮ್ಮ ಷರತ್ತುಗಳನ್ನು ಕನ್ನಡದಲ್ಲಿ ಬರೆದುಕೊಂಡು ಹೋಗಿ, ಮಾಲೀಕರಿಗೆ ಓದಿ ಹೇಳಿ, ಅನಂತರ ಇ-ಸ್ಟಾಂಪ್ ಕಾಗದದ ಮೇಲೆ ಟೈಪು ಮಾಡಿಸಿ. ಟೋಕನ್ ಹಣವನ್ನು ಈ ಓದು ಮುಗಿದ ಮೇಲೆಯೇ ಕೊಡಬೇಕು. ಮೊದಲೇ ಕೊಟ್ಟರೆ ಅದನ್ನು ಕಳೆದುಕೊಳ್ಳುವ ಭಯಕ್ಕೆ ಎಲ್ಲ ಷರತ್ತಿಗೂ ತಲೆಯಾಡಿಸುತ್ತೀರಿ.

ಮುಂಗಡದ ಮೊತ್ತವೂ ಚೌಕಾಶಿಯ ವಿಷಯವೇ. ಕೇಂದ್ರ ಸರ್ಕಾರದ 2021ರ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಯ ಮಿತಿ ಸೂಚಿಸಿದೆ. ಅದು ಮಾದರಿಯಷ್ಟೇ ಆದ್ದರಿಂದ ಮಾಲೀಕರನ್ನು ಕಟ್ಟಿಹಾಕುವುದಿಲ್ಲ, ಆದರೂ ಮಾತಿಗೆ ಒಂದು ಆಧಾರವಾಗುತ್ತದೆ. ಮುಂಗಡ ವಾಪಸಾತಿಗೆ ನಾನು ಶಿಫಾರಸು ಮಾಡುವ ಸಾಲು ಇದು: “ಬೀಗದ ಕೈ ಹಿಂದಿರುಗಿಸಿದ ದಿನವೇ ಮುಂಗಡದ ಪೂರ್ಣ ಮೊತ್ತವನ್ನು ಬಾಡಿಗೆದಾರರ ಬ್ಯಾಂಕ್ ಖಾತೆಗೆ ಸಂದಾಯ ಮಾಡತಕ್ಕದ್ದು.” ಮುಂದಿನ ಬಾಡಿಗೆದಾರರು ಬಂದ ಮೇಲೆ ಕೊಡುತ್ತೇವೆ ಎಂಬ ಬಾಯಿಮಾತನ್ನು ಒಪ್ಪಿಕೊಂಡವರು ಎರಡು ಮನೆಗಳ ಮುಂಗಡದ ಹೊರೆಯನ್ನು ಒಟ್ಟಿಗೆ ಹೊರಬೇಕಾಗುತ್ತದೆ. ಬಣ್ಣಕ್ಕೆಂದು ಒಂದು ತಿಂಗಳ ಬಾಡಿಗೆ ಮುರಿಯುವ ರೂಢಿಯಿದೆ. ಎರಡು ವರ್ಷ ತುಂಬಿದರೆ ಮಾತ್ರ ಅದು ಅನ್ವಯ ಎಂದು ಬರೆಸಿ, ಮತ್ತು ಬರುವಾಗಲೇ ಹಳೆಯ ಬಣ್ಣವಿದ್ದರೆ ಆ ಷರತ್ತನ್ನೇ ತೆಗೆಸಿ.

ಮನೆ ತೆರವಿಗೆ ಎರಡೂ ಕಡೆಗೆ ಎರಡು ತಿಂಗಳ ಮುನ್ಸೂಚನೆ ಇರಲಿ. ಬರಹದಲ್ಲಿ ಏನೂ ಇಲ್ಲದಿದ್ದರೆ ವಾಸದ ಮನೆಯನ್ನು ತಿಂಗಳ ಬಾಡಿಗೆಯೆಂದು ಪರಿಗಣಿಸಿ ಕೇವಲ 15 ದಿನದ ನೋಟಿಸಿನಲ್ಲಿ ಬಾಡಿಗೆಯನ್ನು ಕೊನೆಗೊಳಿಸಲು ಸ್ವತ್ತು ವರ್ಗಾವಣೆ ಕಾಯ್ದೆಯ 106ನೆಯ ಕಲಂ ಅವಕಾಶ ಕೊಡುತ್ತದೆ. 1999ರ ಕರ್ನಾಟಕ ಬಾಡಿಗೆ ಕಾಯ್ದೆಯ ರಕ್ಷಣೆ ಅತಿ ಕಡಿಮೆ ಬಾಡಿಗೆಯ ಮನೆಗಳಿಗೆ ಸೀಮಿತವಾದ್ದರಿಂದ ಇಂದಿನ ಬಾಡಿಗೆಯಲ್ಲಿ ನಿಮಗೆ ಅದು ನೆರವಾಗದು. ನಿಮ್ಮ ರಕ್ಷಣೆ ನಿಮ್ಮ ಕರಾರಿನಲ್ಲಿಯೇ ಇರಬೇಕು. 11 ತಿಂಗಳ ಕರಾರು ಮಾಡುವುದು ನೋಂದಣಿಯ ಅಗತ್ಯ ಬಾರದಿರಲೆಂದು. ಅವಧಿ ಮುಗಿದಾಗ ಏರಿಕೆ ಶೇಕಡಾ 5ಕ್ಕೆ ಮೀರದೆ ನವೀಕರಿಸಲಾಗುವುದು ಎಂದು ಸೇರಿಸಿ.

ಹೊಸ ದಂಪತಿ ಮರೆಯುವ ಇನ್ನೊಂದು ಸಾಲು ಜನಸಂಖ್ಯೆಯದು. “ಇಬ್ಬರೇ ತಾನೆ” ಎಂದು ಮನೆ ಕೊಟ್ಟ ಮಾಲೀಕರು ಬಾಣಂತನಕ್ಕೆ ಅತ್ತೆಯೋ ತಾಯಿಯೋ ಬಂದು ಮೂರು ತಿಂಗಳು ನಿಂತಾಗ ತಲೆಗಿಷ್ಟೆಂದು ನೀರಿನ ಹಣ ಏರಿಸುತ್ತಾರೆ. ತಂದೆತಾಯಿ ಬಂದು ಇರುವುದಕ್ಕೆ ಅಡ್ಡಿಯಿಲ್ಲ, ನೀರಿನ ಶುಲ್ಕ ಮನೆಗೆ ಇಷ್ಟು ಎಂದು ಈಗಲೇ ಬರೆಸಿ. ಮೋಟಾರು ಸುಟ್ಟರೆ, ಪೈಪು ಒಡೆದರೆ ಖರ್ಚು ಯಾರದೆಂಬುದೂ ಇರಲಿ.

ಕರಾರಿನಲ್ಲಿ ಪತಿ ಪತ್ನಿ ಇಬ್ಬರ ಹೆಸರೂ, ಇಬ್ಬರ ಸಹಿಯೂ ಇರಬೇಕು. ಆಗ ಅದು ಹೆಣ್ಣುಮಗಳಿಗೂ ವಿಳಾಸದ ದಾಖಲೆಯಾಗುತ್ತದೆ, ಮನೆಯ ಮೇಲಿನ ಅಧಿಕಾರದ ಮಾತಿನಲ್ಲಿ ಅವಳೂ ಸಮಾನಳಾಗುತ್ತಾಳೆ. ಇದರಲ್ಲಿ ರಾಜಿ ಬೇಡ. ಸಂಬಳದಲ್ಲಿ ಮನೆಬಾಡಿಗೆ ಭತ್ಯೆಯ ತೆರಿಗೆ ವಿನಾಯಿತಿ ಪಡೆಯುವವರು, ವಾರ್ಷಿಕ ಬಾಡಿಗೆ ಒಂದು ಲಕ್ಷ ದಾಟಿದರೆ ಮಾಲೀಕರ ಪ್ಯಾನ್ ಸಂಖ್ಯೆ ಕೊಡಬೇಕಾಗುತ್ತದೆ. ಅದನ್ನು ಸಹಿಗೆ ಮುಂಚೆಯೇ ಕೇಳಿ, ಬಾಡಿಗೆಯನ್ನು ಬ್ಯಾಂಕಿನ ಮೂಲಕವೇ ಕಟ್ಟಿ.

ಪ್ರವೇಶದ ದಿನ

ಸಾಮಾನು ಇಳಿಸುವ ಮೊದಲು ಖಾಲಿ ಮನೆಯ ಪ್ರತಿ ಕೋಣೆ, ನಲ್ಲಿ, ಸ್ವಿಚ್ಚು, ಬಿರುಕು, ವಿದ್ಯುತ್ ಮೀಟರಿನ ಅಂಕಿಗಳ ಚಿತ್ರ ತೆಗೆದು ಮಾಲೀಕರಿಗೆ ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸಿ. ಹಿಂದಿನ ವಿದ್ಯುತ್ ಬಿಲ್ಲಿನ ಬಾಕಿ ತೀರಿದೆಯೇ ಎಂದು ನೋಡಿ. ಹಿಂದಿನ ಬಾಡಿಗೆದಾರರ ಆಧಾರ್ ಗೃಹಜ್ಯೋತಿಯಿಂದ ಬೇರ್ಪಟ್ಟ ಮೇಲೆಯೇ ನಿಮ್ಮದನ್ನು ಜೋಡಿಸಲು ಸಾಧ್ಯ. ಅವರು ಊರು ಬಿಟ್ಟು ಹೋಗುವ ಮುನ್ನವೇ ಮಾಲೀಕರ ಮೂಲಕ ಆ ಕೆಲಸ ಮಾಡಿಸಿಕೊಳ್ಳಿ. ಅಡುಗೆ ಅನಿಲದ ವಿಳಾಸ ಬದಲಾವಣೆಗೆ ಅದೇ ವಾರ ಅರ್ಜಿ ಕೊಡಿ, ಮತ್ತು ಕರಾರಿನ ಒಂದು ಪ್ರತಿಯನ್ನು ಇಬ್ಬರ ಹೆತ್ತವರ ಪೈಕಿ ಯಾರ ಮನೆಯಲ್ಲಾದರೂ ಇಡಿ.